ಬೋನ್ಸಾಯ್ ಗಿಡ ಸಾಯುವುದೇಕೆ, ಉಳಿಸಿಕೊಳ್ಳುವುದು ಹೇಗೆ: ಮೊದಲ ಎರಡು ವರ್ಷಗಳಿಗೊಂದು ಕೈಪಿಡಿ

ಬೋನ್ಸಾಯ್ ಕಲಿಯಲು ಹೊರಟವರು ಮೊದಲು ಹುಡುಕುವುದು ತಂತಿ ಸುತ್ತುವ ವಿಧಾನವನ್ನು, ಬಾಗು ಕತ್ತರಿಯನ್ನು, ಚೆಂದದ ನೀಲಿ ಕುಂಡವನ್ನು. ಗಿಡ ಸಾಯುವುದು ಮಾತ್ರ ನೀರು, ಬೆಳಕು, ಮಣ್ಣು ಈ ಮೂರರಲ್ಲಿ ಒಂದು ಎಡವಟ್ಟಾದಾಗ. ನೀರು ಹಾಕುವುದನ್ನು ಕಲಿಯಲು ಮೂರು ವರ್ಷ ಬೇಕು ಎಂಬ ಮಾತು ಜಪಾನಿನ ಬೋನ್ಸಾಯ್ ಕುಶಲಿಗಳಲ್ಲಿ ರೂಢಿಯಲ್ಲಿದೆ. ಅದರಲ್ಲಿ ಅತಿಶಯೋಕ್ತಿ ಕಡಿಮೆ. ಆದ್ದರಿಂದ ಈ ಕೈಪಿಡಿಯಲ್ಲಿ ಆಕಾರ ಕೊಡುವ ವಿಚಾರಕ್ಕೆ ಕಡಿಮೆ ಜಾಗ. ಗಿಡವನ್ನು ಬದುಕಿಸುವುದಕ್ಕೆ ಮತ್ತು ಸತ್ತ ಗಿಡವನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಅದರ ಸಾವಿನ ಕಾರಣವನ್ನು ಓದಿಕೊಳ್ಳುವುದಕ್ಕೆ ಹೆಚ್ಚು ಜಾಗ.

ಮೊದಲ ಗಿಡದ ಆಯ್ಕೆ

ಚಿತ್ರಗಳಲ್ಲಿ ನಮ್ಮನ್ನು ಮರುಳು ಮಾಡುವ ಬೋನ್ಸಾಯ್‌ಗಳು ಸಾಮಾನ್ಯವಾಗಿ ಪೈನ್ ಮತ್ತು ಮೇಪಲ್ ಮರಗಳು. ಅಮೆರಿಕದ ವಾಷಿಂಗ್ಟನ್‌ನಲ್ಲಿರುವ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಒಂದು ಬಿಳಿ ಪೈನ್ ಇದೆ. 1625ರಿಂದ ಕುಂಡದ ಆರೈಕೆಯಲ್ಲಿರುವ ಈ ಮರ 1945ರ ಹಿರೋಷಿಮಾ ಅಣುಬಾಂಬ್ ದಾಳಿಯಲ್ಲೂ ಉಳಿದುಕೊಂಡಿತು. 1976ರಲ್ಲಿ ಜಪಾನಿನ ಯಾಮಾಕಿ ಕುಟುಂಬ ಅದನ್ನು ಅಮೆರಿಕಕ್ಕೆ ಉಡುಗೊರೆಯಾಗಿ ಕೊಟ್ಟಿತು. ಬಾಂಬ್ ದಾಳಿಯನ್ನೇ ತಾಳಿಕೊಂಡ ಜಾತಿ ನಮ್ಮ ತಾರಸಿಯನ್ನೂ ತಾಳಿಕೊಳ್ಳಬಹುದು ಎಂದುಕೊಳ್ಳಬೇಡಿ. ಅದಕ್ಕೆ ಹೆಪ್ಪುಗಟ್ಟಿಸುವ ಚಳಿಗಾಲದ ವಿಶ್ರಾಂತಿ ಬೇಕು. ಮೇಪಲ್‌ಗೂ ಅಷ್ಟೇ. ಬೆಂಗಳೂರಿನ ಡಿಸೆಂಬರ್ ಚಳಿ ನಮಗೆ ಸ್ವೆಟರ್ ಹಾಕಿಸುತ್ತದೆಯೇ ಹೊರತು ಆ ಮರಗಳನ್ನು ಮಲಗಿಸುವಷ್ಟು ಗಟ್ಟಿಯಲ್ಲ.

ನಮ್ಮ ಹವೆಗೆ ಹೊಂದುವುದು ಆಲ, ಅರಳಿ, ಅತ್ತಿ, ಬಸರಿಗಳ ಬಳಗ, ಅಂದರೆ ಫೈಕಸ್ ಕುಲ. ಅದರಲ್ಲೂ ನರ್ಸರಿಗಳಲ್ಲಿ ಸಿಗುವ ಸಣ್ಣೆಲೆಯ ಫೈಕಸ್ ಮೈಕ್ರೋಕಾರ್ಪಾ ಮೊದಲ ಗಿಡವಾಗಲು ತುಂಬ ಒಳ್ಳೆಯದು. ಎರಡನೆಯದು ಕೆಂಪು ಕಾಂಡ, ದುಂಡನೆಯ ಪುಟ್ಟ ರಸಭರಿತ ಎಲೆಗಳ ಜೇಡ್ ಗಿಡ, ದಕ್ಷಿಣ ಆಫ್ರಿಕಾ ಮೂಲದ ಪೋರ್ಟುಲಕೇರಿಯಾ. ದಪ್ಪ, ದೊಡ್ಡ ಎಲೆಯ ಕ್ರಾಸುಲಾ ಗಿಡವನ್ನೂ ಜೇಡ್ ಎಂದೇ ಮಾರುತ್ತಾರೆ. ಬೋನ್ಸಾಯ್‌ಗೆ ಸಣ್ಣೆಲೆಯದೇ ಲೇಸು. ಆಮೇಲೆ ಕಾಗದದ ಹೂವಿನ ಬಳ್ಳಿ, ಸೀಮೆಹುಣಸೆ, ಹುಣಸೆ. ಹುಣಸೆಯನ್ನು ಅಡುಗೆಮನೆಯ ಬೀಜದಿಂದಲೇ ಬೆಳೆಸಬಹುದು, ಆದರೆ ಕಾಂಡ ದಪ್ಪವಾಗಲು ವರ್ಷಗಟ್ಟಲೆ ಕಾಯಬೇಕು.

ಒಂದೇ ಒಂದು ಗಿಡ ತರಬೇಡಿ. ಒಂದೇ ಇದ್ದರೆ ದಿನಕ್ಕೆ ನಾಲ್ಕು ಸಲ ಅದನ್ನು ಮುಟ್ಟಿ, ಕತ್ತರಿಸಿ, ನೀರು ಸುರಿದು ಅಕ್ಕರೆಯಿಂದಲೇ ಮುಗಿಸಿಬಿಡುತ್ತೇವೆ. ದುಬಾರಿ ಬೋನ್ಸಾಯ್ ಒಂದರ ದುಡ್ಡಿನಲ್ಲಿ ಸಾಮಾನ್ಯ ನರ್ಸರಿಯ ಫೈಕಸ್ ಎರಡು, ಜೇಡ್ ಎರಡು ತನ್ನಿ. ಕೈಗೆ ಕೆಲಸ ಸಿಗುತ್ತದೆ, ಒಂದರ ಜೊತೆ ಇನ್ನೊಂದನ್ನು ಹೋಲಿಸಿ ನೋಡಲೂ ಆಗುತ್ತದೆ.

ಕೊಳ್ಳುವ ಮೊದಲು ಒಮ್ಮೆ ಲಾಲ್‌ಬಾಗ್‌ನ ಬೋನ್ಸಾಯ್ ಉದ್ಯಾನವನ್ನೋ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿರುವ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ವನವನ್ನೋ ನೋಡಿ ಬನ್ನಿ. ಮರಗಳ ಆಕಾರಕ್ಕಿಂತ ಹೆಚ್ಚಾಗಿ ಅವುಗಳ ಹೆಸರಿನ ಫಲಕ, ಕುಂಡದ ಮಣ್ಣು, ಮೇಲೆ ಬೀಳುವ ಬಿಸಿಲು ಇವುಗಳನ್ನು ಗಮನಿಸಿ.

ಮನೆಗೆ ತಂದ ಮೊದಲ ತಿಂಗಳು

ಕುಂಡದ ಮೇಲ್ಭಾಗವನ್ನು ಬೆರಳಿನಿಂದ ಒತ್ತಿ ನೋಡಿ. ಉಡುಗೊರೆ ಅಂಗಡಿಗಳ ಬೋನ್ಸಾಯ್‌ಗಳಲ್ಲಿ ಹಲವಕ್ಕೆ ಬಿಳಿ ಕಲ್ಲುಗಳನ್ನು ಅಂಟು ಹಾಕಿ ಕೂರಿಸಿರುತ್ತಾರೆ, ಸಾಗಿಸುವಾಗ ಮಣ್ಣು ಚೆಲ್ಲದಿರಲಿ ಎಂದು. ಈ ಪದರದ ಮೇಲೆ ಸುರಿದ ನೀರು ಅಂಚಿನಿಂದ ಜಾರಿಹೋಗುತ್ತದೆ, ಒಳಗಿನ ಬೇರು ಒಣಗಿಯೇ ಇರುತ್ತದೆ. ಕುಂಡವನ್ನು ಅರ್ಧ ಗಂಟೆ ನೀರಿನಲ್ಲಿಟ್ಟು, ಹಳೆಯ ಸ್ಕ್ರೂಡ್ರೈವರ್‌ನಿಂದ ಆ ಕಲ್ಲುಗಳನ್ನು ಎಬ್ಬಿಸಿ ತೆಗೆಯಿರಿ. ತಳದಲ್ಲಿ ನೀರು ಬಸಿಯುವ ತೂತು ಇದೆಯೇ, ಮುಚ್ಚಿಕೊಂಡಿದೆಯೇ ಎಂಬುದನ್ನೂ ನೋಡಿ. ತೂತೇ ಇಲ್ಲದ ಕುಂಡಗಳನ್ನೂ ಮಾರುತ್ತಾರೆ.

ಇಷ್ಟು ಬಿಟ್ಟರೆ ಮೊದಲ ತಿಂಗಳು ಬೇರೇನೂ ಮಾಡಬೇಡಿ. ಕುಂಡ ಬದಲಿಸಬೇಡಿ, ಗೊಬ್ಬರ ಹಾಕಬೇಡಿ, ಕತ್ತರಿ ಮುಟ್ಟಬೇಡಿ. ಎರಡು ವಾರ ಉಳಿದ ಗಿಡಗಳಿಂದ ದೂರ ಇಡಿ. ಎಲೆಯ ಅಡಿ, ರೆಂಬೆಯ ಕವಲುಗಳಲ್ಲಿ ಹಿಟ್ಟು ತಿಗಣೆ ಅಡಗಿದ್ದರೆ ಅಷ್ಟರಲ್ಲಿ ಹೊರಬೀಳುತ್ತದೆ. ಫೈಕಸ್ ಗಿಡ ಜಾಗ ಬದಲಾದ ಕೂಡಲೇ ಒಂದಷ್ಟು ಎಲೆ ಉದುರಿಸುತ್ತದೆ. ಇದು ಹೊಸ ಬೆಳಕಿಗೆ ಒಗ್ಗಿಕೊಳ್ಳುವ ಕ್ರಮ. ಗಾಬರಿಯಾಗಿ ದಿನಕ್ಕೊಂದು ಮೂಲೆಗೆ ಎತ್ತಿಟ್ಟರೆ ಪ್ರತಿ ಸಲವೂ ಉದುರಿಸುತ್ತದೆ. ಜಾಗವೊಂದನ್ನು ಗೊತ್ತು ಮಾಡಿ ಅಲ್ಲೇ ಬಿಡಿ.

ಬೆಳಕು: ಹೊರಗೆ ಇಡಿ

ಬೋನ್ಸಾಯ್ ಟೀಪಾಯಿಯ ಮೇಲಿಡುವ ಅಲಂಕಾರ ಎಂಬ ನಂಬಿಕೆ ಎಷ್ಟು ಗಿಡಗಳ ಜೀವ ತೆಗೆದಿದೆಯೋ. ನಮ್ಮ ಕಣ್ಣು ಮಂದ ಬೆಳಕಿಗೆ ಬೇಗ ಹೊಂದಿಕೊಳ್ಳುವುದರಿಂದ ಹಜಾರ ನಮಗೆ ಬೆಳಕಾಗಿಯೇ ಕಾಣುತ್ತದೆ. ಎಲೆಗೆ ಅದು ಹಸಿವಿನ ಕೋಣೆ. ಬಾಲ್ಕನಿ, ತಾರಸಿ, ಕಾಂಪೌಂಡಿನ ಒಳಬದಿ, ಎಲ್ಲಿಯಾದರೂ ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಬೀಳುವ ಜಾಗ ಬೇಕು. ಬೆಳಗಿನ ಬಿಸಿಲಾದರೆ ಇನ್ನೂ ಒಳ್ಳೆಯದು. ನೆಂಟರು ಬಂದಾಗ ಎರಡು ದಿನ ಒಳಗಿಟ್ಟು ಮೆರೆಸಿ, ಮತ್ತೆ ಹೊರಗೆ ಕಳಿಸಿ.

ಬೆಳಕು ಸಾಲದು ಎಂಬುದನ್ನು ಗಿಡವೇ ಹೇಳುತ್ತದೆ. ಹೊಸ ಚಿಗುರಿನಲ್ಲಿ ಎಲೆಯಿಂದ ಎಲೆಗೆ ಅಂತರ ಹೆಚ್ಚುತ್ತದೆ, ಎಲೆ ದೊಡ್ಡದಾಗಿ ತೆಳುವಾಗುತ್ತದೆ, ಇಡೀ ಗಿಡ ಕಿಟಕಿಯತ್ತ ವಾಲುತ್ತದೆ. ಒಳಗಿದ್ದ ಗಿಡವನ್ನು ಹೊರಗೆ ತರುವಾಗ ವಾರ, ಹತ್ತು ದಿನ ನೆರಳಿನಲ್ಲಿಟ್ಟು ಮೆಲ್ಲಗೆ ಬಿಸಿಲಿಗೆ ಸರಿಸಿ. ನೇರ ಒಯ್ದರೆ ಎಲೆ ಸುಟ್ಟು ಬೆಳ್ಳಗಾಗುತ್ತದೆ.

ನೀರು: ಗಡಿಯಾರ ನೋಡಿ ಹಾಕುವುದಲ್ಲ

‘ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು?’ ಎಂದು ಎಲ್ಲರೂ ಕೇಳುತ್ತಾರೆ. ಇದಕ್ಕೆ ಸರಿಯಾದ ಉತ್ತರವೇ ಇಲ್ಲ. ಏಪ್ರಿಲ್‌ನ ತಾರಸಿಯಲ್ಲಿ ಅಂಗೈಯಗಲದ ಕುಂಡ ದಿನಕ್ಕೆರಡು ಸಲ ನೀರು ಕೇಳುತ್ತದೆ. ಅದೇ ಕುಂಡ ಆಗಸ್ಟ್‌ನ ಜಡಿಮಳೆಯಲ್ಲಿ ವಾರವಿಡೀ ಕೇಳುವುದಿಲ್ಲ. ದಿನಕ್ಕೊಮ್ಮೆ ನೋಡುವುದು ಕಡ್ಡಾಯ, ಹಾಕುವುದು ಗಿಡದ ಅಗತ್ಯದಂತೆ.

ನೋಡುವ ವಿಧಾನ ಎರಡು. ಮೊದಲನೆಯದು ತೂಕ. ಚೆನ್ನಾಗಿ ನೀರು ಕುಡಿಸಿ ಬಸಿದ ಮೇಲೆ ಕುಂಡವನ್ನು ಒಮ್ಮೆ ಎತ್ತಿ, ಆ ಭಾರ ಕೈಗೆ ನೆನಪಿರಲಿ. ಮರುದಿನ ಬೆಳಗ್ಗೆ, ಸಂಜೆ ಮತ್ತೆ ಎತ್ತಿ. ಒಂದೆರಡು ವಾರದಲ್ಲಿ ಕೈಗೇ ಲೆಕ್ಕ ಸಿಗುತ್ತದೆ. ಎರಡನೆಯದು ಕಡ್ಡಿ. ಬಣ್ಣ ಹಚ್ಚದ ಒಂದು ಬಿದಿರಿನ ಕಡ್ಡಿಯನ್ನು ಕಾಂಡದಿಂದ ತುಸು ದೂರದಲ್ಲಿ ಕುಂಡದ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಡಿ. ಹೊರತೆಗೆದಾಗ ಕೆಳಗಿನ ಅರ್ಧ ಕಪ್ಪಾಗಿ ತಣ್ಣಗಿದ್ದರೆ ಇವತ್ತು ನೀರು ಬೇಡ. ತುದಿಯಲ್ಲಿ ಮಾತ್ರ ಮಸುಕಾದ ತೇವವಿದ್ದರೆ ಈಗ ಹಾಕಿ. ಪೂರ್ತಿ ಒಣಗಿ ಬಂದರೆ ತಡವಾಗಿದೆ ಎಂದರ್ಥ. ಮೇಲ್ಮಣ್ಣನ್ನಷ್ಟೇ ಮುಟ್ಟಿ ತೀರ್ಮಾನಿಸುವವರು ಮೋಸ ಹೋಗುತ್ತಾರೆ, ಏಕೆಂದರೆ ಮೇಲೆ ಒಣಗಿ ಕೆಳಗೆ ಕೆಸರಾಗಿರುವುದು ಆಳವಿಲ್ಲದ ಕುಂಡದ ಸ್ವಭಾವ.

ಹಾಕುವಾಗ ಸಣ್ಣ ತೂತಿನ ಜಾರಿಯಿಂದ ಇಡೀ ಮಣ್ಣು ನೆನೆದು ತಳದಿಂದ ನೀರು ಹರಿಯುವವರೆಗೆ ಹಾಕಿ. ಎರಡು ನಿಮಿಷ ಬಿಟ್ಟು ಇನ್ನೊಮ್ಮೆ. ಅರ್ಧ ಲೋಟ ಚಿಮುಕಿಸುವುದು, ಎಲೆಗೆ ಸ್ಪ್ರೇ ಹೊಡೆಯುವುದು ಇವು ನೀರು ಹಾಕಿದ ಲೆಕ್ಕಕ್ಕೆ ಬರುವುದಿಲ್ಲ. ತೆಂಗಿನ ನಾರಿನ ಪುಡಿ ಹೆಚ್ಚಿರುವ ಮಿಶ್ರಣ ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಕುಂಡದ ಗೋಡೆಗುಂಟ ನೀರು ಸರ್ರನೆ ಇಳಿದುಹೋಗುತ್ತದೆ, ತಟ್ಟೆಗೆ ಬಂದ ನೀರನ್ನು ನೋಡಿ ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಅಂಥ ಹೊತ್ತಿನಲ್ಲಿ ಕುಂಡವನ್ನು ಅಂಚಿನವರೆಗೆ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಂತ ಮೇಲೆ ತೆಗೆಯಿರಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ.

ಜೇಡ್‌ಗೆ ಕ್ರಮ ಬೇರೆ. ಎಲೆ ತುಸು ಸುಕ್ಕಾಗುವವರೆಗೆ ಕಾದರೂ ಅದಕ್ಕೆ ನಷ್ಟವಿಲ್ಲ. ಎಲೆಗಳು ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಉದುರಿದರೆ ನೀರು ಹೆಚ್ಚಾಗಿದೆ.

ನೀರಿನ ಗುಣವನ್ನೂ ನೋಡಬೇಕು. ಬೋರ್‌ವೆಲ್‌ನ ಗಡಸು ನೀರು ತಿಂಗಳುಗಳಲ್ಲಿ ಕಾಂಡದ ಬುಡ ಮತ್ತು ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿಸುತ್ತದೆ. ಹೊಸ ಎಲೆಗಳ ನರ ಹಸಿರಾಗಿ, ನಡುವಿನ ಭಾಗ ಹಳದಿಯಾಗತೊಡಗುತ್ತದೆ. ಮಳೆಗಾಲದಲ್ಲಿ ತಾರಸಿ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಂಡು ಬಳಸಿ. ಆರ್‌ಒ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರಿನಲ್ಲಿ ಲವಣ ಸಾಂದ್ರವಾಗಿರುತ್ತದೆ. ನೀರು ಉಳಿಸುವ ಉತ್ಸಾಹದಲ್ಲಿ ಅದನ್ನು ಸಣ್ಣ ಕುಂಡಕ್ಕೆ ಸುರಿಯಬೇಡಿ. ಉಪ್ಪು ಹಾಕಿ ನಡೆಸುವ ವಾಟರ್ ಸಾಫ್ಟ್‌ನರ್‌ನ ನೀರೂ ಬೇಡ.

ಮಣ್ಣು: ಒಂದು ಸ್ಪಂಜಿನ ಪ್ರಯೋಗ

ಪಾತ್ರೆ ತೊಳೆಯುವ ಆಯತಾಕಾರದ ಸ್ಪಂಜನ್ನು ನೀರಿನಲ್ಲಿ ಪೂರ್ತಿ ನೆನೆಸಿ ಅಡ್ಡಲಾಗಿ ಮಟ್ಟಸವಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ, ಹಿಂಡದೆ, ಅದನ್ನೇ ಉದ್ದುದ್ದ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಎತ್ತರ ಬದಲಾಯಿತು ಅಷ್ಟೇ. ಕುಂಡದಲ್ಲಿ ನಡೆಯುವುದೂ ಇದೇ. ಯಾವುದೇ ಮಣ್ಣು ತಳದಲ್ಲಿ ಒಂದಿಷ್ಟು ಎತ್ತರದವರೆಗೆ ನೀರನ್ನು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಆ ಎತ್ತರ ಕಣಗಳ ಗಾತ್ರವನ್ನು ಅವಲಂಬಿಸಿದೆ, ಕುಂಡದ ಆಳವನ್ನಲ್ಲ. ಒಂದಡಿಯ ಕುಂಡದಲ್ಲಿ ತಳದ ಎರಡು ಇಂಚು ಕೆಸರಾದರೂ ಬೇರಿಗೆ ಮೇಲೆ ಜಾಗವಿದೆ. ಎರಡೇ ಇಂಚಿನ ಬೋನ್ಸಾಯ್ ತಟ್ಟೆಯಲ್ಲಿ ಇಡೀ ಮಣ್ಣೇ ಕೆಸರು. ತೋಟದ ಕೆಂಪು ಮಣ್ಣಿನಲ್ಲಿ ನೆಲದ ಮೇಲೆ ಸೊಂಪಾಗಿ ಬೆಳೆಯುವ ಗಿಡ ಅದೇ ಮಣ್ಣು ತುಂಬಿದ ಬೋನ್ಸಾಯ್ ಕುಂಡದಲ್ಲಿ ಉಸಿರುಕಟ್ಟಿ ಸಾಯುವುದು ಇದಕ್ಕೇ. ತಳದಲ್ಲಿ ಜಲ್ಲಿ ಪದರ ಹಾಕಿದರೆ ಬಸಿಯುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಕೆಸರಿನ ಮಟ್ಟ ಜಲ್ಲಿಯ ಮೇಲಕ್ಕೆ ಏರುತ್ತದೆ, ಅಷ್ಟೇ.

ಹಾಗಾಗಿ ಬೇಕಾದದ್ದು ದಪ್ಪ ಕಣ. ಜಪಾನಿನ ಅಕಾಡಾಮಾ ಮಣ್ಣನ್ನು ದುಬಾರಿ ಬೆಲೆ ಕೊಟ್ಟು ತರಿಸುವ ಅಗತ್ಯವಿಲ್ಲ. ಚೆನ್ನಾಗಿ ಸುಟ್ಟ ಇಟ್ಟಿಗೆಯನ್ನೋ ಹಳೆಯ ಮಂಗಳೂರು ಹೆಂಚನ್ನೋ ಕುಟ್ಟಿ, ಎರಡು ಜರಡಿ ಹಿಡಿದು, ಸುಮಾರು ಎರಡರಿಂದ ಐದು ಮಿಲಿಮೀಟರ್ ಗಾತ್ರದ ಚೂರನ್ನು ಇಟ್ಟುಕೊಳ್ಳಿ. ಪುಡಿಯನ್ನು ಎಸೆಯಿರಿ, ಅದೇ ಶತ್ರು. ಫೈಕಸ್‌ಗೆ ಈ ಚೂರು ಎರಡು ಪಾಲು, ತೊಳೆದು ಜರಡಿ ಹಿಡಿದ ದಪ್ಪ ಮರಳು ಅಥವಾ ಪ್ಯೂಮಿಸ್ ಕಲ್ಲು ಒಂದು ಪಾಲು, ಒರಟಾದ ಕಾಂಪೋಸ್ಟ್ ಒಂದು ಪಾಲು. ಜೇಡ್‌ಗೆ ಕಾಂಪೋಸ್ಟ್ ಅರ್ಧಕ್ಕಿಳಿಸಿ. ದಿನಕ್ಕೆರಡು ಸಲ ನೀರು ಹಾಕಲು ಆಗದವರು ಸ್ವಲ್ಪ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ ಸೇರಿಸಬಹುದು. ಮಣ್ಣಿನ ಮಿಶ್ರಣ ನಿಮ್ಮ ದಿನಚರಿಗೆ ಹೊಂದಬೇಕು.

ಕುಂಡ ಬದಲಿಸುವುದು, ಮತ್ತು ‘ಒಂದು ಸಲಕ್ಕೆ ಒಂದೇ ಪೆಟ್ಟು’

ಹೊಸಬರ ಗಿಡ ಸಾಯುವ ಒಂದು ನಿರ್ದಿಷ್ಟ ಭಾನುವಾರವಿರುತ್ತದೆ. ಬೆಳಗ್ಗೆ ನರ್ಸರಿಯಿಂದ ತಂದು, ಬೇರನ್ನು ಅರ್ಧ ಕತ್ತರಿಸಿ, ಕೊಂಬೆಗಳನ್ನು ಬೋಳಿಸಿ, ತಂತಿ ಸುತ್ತಿ ಬಾಗಿಸಿ, ಚಪ್ಪಟೆ ಕುಂಡಕ್ಕೆ ಇಳಿಸಿ, ಮೇಲೊಂದು ಚಮಚ ಗೊಬ್ಬರ ಹಾಕಿ, ಸಂಜೆಗೆ ಫೋಟೊ ತೆಗೆದು ಎಲ್ಲರಿಗೂ ಕಳಿಸುತ್ತಾರೆ. ಆ ಫೋಟೊದಲ್ಲಿರುವಷ್ಟು ಚೆಂದ ಆ ಗಿಡ ಮುಂದೆಂದೂ ಕಾಣುವುದಿಲ್ಲ. ಬೇರಿನ ಕೆಲಸ, ದೊಡ್ಡ ಕೊಂಬೆ ಕತ್ತರಿಸುವುದು, ತಂತಿ ಕಟ್ಟಿ ಬಾಗಿಸುವುದು ಪ್ರತಿಯೊಂದೂ ಒಂದು ಪೆಟ್ಟು. ಒಂದು ಪೆಟ್ಟಿನಿಂದ ಚೇತರಿಸಿಕೊಂಡು ಹೊಸ ಚಿಗುರು ಬಂದು ಎಲೆ ಬಲಿತ ಮೇಲಷ್ಟೇ ಇನ್ನೊಂದು. ಪಳಗಿದವರು ಎರಡನ್ನು ಒಟ್ಟಿಗೆ ಮಾಡುವುದುಂಟು. ಅವರಿಗೆ ಆ ಗಿಡದ ಶಕ್ತಿ ಗೊತ್ತಿರುತ್ತದೆ.

ಬೆಂಗಳೂರು, ಮೈಸೂರು ಕಡೆ ಕುಂಡ ಬದಲಿಸಲು ಫೆಬ್ರವರಿ ಕೊನೆ, ಮಾರ್ಚ್ ಮೊದಲ ಭಾಗ, ಇಲ್ಲವೇ ಜೂನ್‌ನ ಮಳೆ ಹಿಡಿದ ಮೇಲೆ. ಕಲಬುರಗಿ, ರಾಯಚೂರಿನವರು ಬೇಸಿಗೆಯ ಹತ್ತಿರ ಹೋಗದೆ ಮಳೆಗೇ ಕಾಯುವುದು ಒಳ್ಳೆಯದು. ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಫೈಕಸ್ ಬೇರು ಮುಟ್ಟಬೇಡಿ.

ಗಿಡವನ್ನು ಹೊರತೆಗೆದು, ಕಡ್ಡಿಯಿಂದ ಬೇರಿನ ಅಂಚಿನ ಮಣ್ಣನ್ನು ಬಿಡಿಸಿ, ತಳದಲ್ಲಿ ಸುರುಳಿ ಸುತ್ತಿಕೊಂಡ ಬೇರುಗಳನ್ನು ಕತ್ತರಿಸಿ. ಮೊದಲ ಸಲ ಒಟ್ಟು ಬೇರಿನ ಮೂರನೇ ಒಂದು ಭಾಗ ದಾಟಬೇಡಿ. ಕುಂಡದ ತೂತುಗಳ ಮೂಲಕ ತಂತಿ ಹಾಯಿಸಿ ಗಿಡವನ್ನು ಬಿಗಿಯಾಗಿ ಕಟ್ಟಿ. ಇದನ್ನು ಬಹಳ ಮಂದಿ ಮರೆಯುತ್ತಾರೆ. ಗಾಳಿಗೆ ಗಿಡ ಅಲುಗಿದಷ್ಟೂ ಹೊಸ ಬೇರಿನ ತುದಿ ಮುರಿಯುತ್ತದೆ. ಮಣ್ಣು ಹಾಕಿ ಕಡ್ಡಿಯಿಂದ ಚುಚ್ಚುತ್ತ ಪೊಳ್ಳು ತುಂಬಿ, ನೀರು ಸ್ವಚ್ಛವಾಗಿ ಹೊರಬರುವವರೆಗೆ ಹಾಕಿ, ಎರಡು ಮೂರು ವಾರ ಗಾಳಿ ಬಡಿಯದ ನೆರಳಿನಲ್ಲಿಡಿ. ಜೇಡ್‌ಗೆ ಮಾತ್ರ ಒಣ ಮಣ್ಣಿನಲ್ಲಿ ನೆಟ್ಟು ಒಂದು ವಾರ ನೀರು ಹಾಕಬೇಡಿ, ಬೇರಿನ ಗಾಯ ಒಣಗಲಿ. ಗೊಬ್ಬರ ಒಂದು ತಿಂಗಳ ನಂತರ: ತಿಂಗಳಿಗೊಂದು ಹಿಡಿ ಬೇವಿನ ಹಿಂಡಿ ಅಥವಾ ಹದಿನೈದು ದಿನಕ್ಕೊಮ್ಮೆ ಲೀಟರ್ ನೀರಿಗೆ ಒಂದು ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನಲ್ಲಿರುವ, ನೀರಿನಲ್ಲಿ ಕರಗುವ ಗೊಬ್ಬರ). ಹಿಡಿ ಎಂದರೆ ಅಡಿಯಗಲದ ಕುಂಡಕ್ಕೆ; ಅಂಗೈಯಗಲದ್ದಕ್ಕೆ ಒಂದು ಚಮಚ ಸಾಕು.

ತಂತಿಯ ಬಗ್ಗೆ ಒಂದೇ ಮಾತು: ಮಳೆಗಾಲದಲ್ಲಿ ಫೈಕಸ್ ಕೊಂಬೆ ಒಂದೂವರೆ ತಿಂಗಳೊಳಗೆ ತಂತಿಯನ್ನು ನುಂಗಲಾರಂಭಿಸುತ್ತದೆ. ವಾರಕ್ಕೊಮ್ಮೆ ನೋಡಿ. ಬಿಚ್ಚುವಾಗ ಸುರುಳಿ ತಿರುವಿ ಎಳೆಯದೆ, ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.

ಋತುಗಳ ಕಾಟ

ಮಾರ್ಚ್‌ನಿಂದ ಮೇ ತನಕ ತಾರಸಿಯ ಕಾಂಕ್ರೀಟು ಕಾದು ಕುಂಡದ ತಳವನ್ನು ಬೇಯಿಸುತ್ತದೆ. ಕುಂಡಗಳನ್ನು ಇಟ್ಟಿಗೆ ಅಥವಾ ಮರದ ಹಲಗೆಯ ಮೇಲೆ ಎತ್ತರಿಸಿಡಿ, ಮೇಲೆ ಅರ್ಧ ಬಿಸಿಲು ತಡೆಯುವ ಹಸಿರು ನೆರಳು ಬಲೆ ಕಟ್ಟಿ. ಕರಾವಳಿ, ಮಲೆನಾಡಿನಲ್ಲಿ ಕಷ್ಟ ಇದಕ್ಕೆ ತಿರುಗುಮುರುಗು. ಜೂನ್, ಜುಲೈ ಮಳೆಯಲ್ಲಿ ಜೇಡ್ ಮಾಡಿನ ಕೆಳಗೆ ಇರಬೇಕು, ಉಳಿದ ಕುಂಡಗಳ ಒಂದು ಬದಿಗೆ ಸಣ್ಣ ಕಲ್ಲಿಟ್ಟು ಓರೆ ಮಾಡಿದರೆ ನೀರು ಬೇಗ ಬಸಿಯುತ್ತದೆ. ಸ್ಪಂಜು ಹೇಳಿದ್ದೂ ಅದನ್ನೇ.

ಅರಳಿಯನ್ನು ಇಟ್ಟುಕೊಂಡವರಿಗೊಂದು ಎಚ್ಚರಿಕೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಅದು ಎಲೆಯೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಬೀದಿಯ ಅರಳಿಮರವನ್ನು ತಲೆಯೆತ್ತಿ ನೋಡಿದರೆ ಅದೂ ಹಾಗೇ ಇರುತ್ತದೆ. ಸತ್ತಿತೆಂದು ಹೆದರಿ ನೀರು ಸುರಿದರೆ, ಕುಡಿಯಲು ಎಲೆಯೇ ಇಲ್ಲದ ಗಿಡದ ಬೇರು ಕೊಳೆತು ನಿಜವಾಗಿಯೂ ಸಾಯುತ್ತದೆ. ನೀರು ಕಡಿಮೆ ಮಾಡಿ ಕಾಯಿರಿ, ತಾಮ್ರದ ಬಣ್ಣದ ಚಿಗುರು ಬರುತ್ತದೆ.

ಕೀಟಗಳಲ್ಲಿ ಹಿಟ್ಟು ತಿಗಣೆ, ಶಲ್ಕ ಕೀಟ, ಬೇಸಿಗೆಯಲ್ಲಿ ಕೆಂಪು ನುಸಿ ಮುಖ್ಯ. ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಕಲಸಿ, ಬಿಸಿಲಿಳಿದ ಮೇಲೆ ಎಲೆಯ ಅಡಿಗೆ ಸಿಂಪಡಿಸಿ, ವಾರ ಬಿಟ್ಟು ಮತ್ತೆ. ಫೈಕಸ್ ಎಲೆ ಮಡಚಿಕೊಂಡು ಒಳಗೆ ಕಪ್ಪು ಹುಳು ಹರಿದಾಡುತ್ತಿದ್ದರೆ ಅದು ಥ್ರಿಪ್ಸ್. ಔಷಧ ಒಳಗೆ ಮುಟ್ಟುವುದಿಲ್ಲ, ಆ ಎಲೆಗಳನ್ನೇ ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ.

ಸತ್ತಿದೆಯೇ, ಬದುಕಿದೆಯೇ?

ಉಗುರಿನಿಂದ ರೆಂಬೆಯ ತುದಿಯ ತೊಗಟೆಯನ್ನು ಸಾಸಿವೆಯಷ್ಟು ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವವಿದೆ. ಕಂದು, ಒಣಕಲಾಗಿದ್ದರೆ ಕೆಳಗೆ ಕೆಳಗೆ ಬನ್ನಿ. ಎಲ್ಲಿ ಹಸಿರು ಸಿಗುತ್ತದೋ ಅಲ್ಲಿಂದ ಮೇಲಿನದನ್ನು ಕತ್ತರಿಸಬಹುದು. ಪೈನ್‌ನಂತೆ ಶಂಕುಧಾರಿ ಗಿಡವಾದ ಜುನಿಪರ್ ತಂದವರಿಗೆ ಕೆಟ್ಟ ಸುದ್ದಿ: ಆ ಗಿಡ ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಕಾಣುತ್ತದೆ. ಬಣ್ಣ ಮಾಸುವುದು ಕಣ್ಣಿಗೆ ಬೀಳುವಾಗ ಕಾರಣ ಹಳೆಯದಾಗಿರುತ್ತದೆ. ಹಾಗಾಗಿ ನಿನ್ನೆ ಮಾಡಿದ್ದನ್ನು ದೂರದೆ ಒಂದೆರಡು ತಿಂಗಳ ಹಿಂದಕ್ಕೆ ಹೋಗಿ ಹುಡುಕಬೇಕು.

ಜೀವವಿದ್ದರೆ ನೆರಳಿಗೆ ಸರಿಸಿ, ಗೊಬ್ಬರ ನಿಲ್ಲಿಸಿ, ಕೊಳೆತ ಬೇರಿದ್ದರೆ ಕತ್ತರಿಸಿ ದಪ್ಪ ಕಣಗಳ ಮಿಶ್ರಣಕ್ಕೆ ಬದಲಿಸಿ. ಫೈಕಸ್ ಆದರೆ ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಚೀಲ ಹೊದಿಸಿ ತೇವ ಹಿಡಿದಿಡಿ. ‘ಟಾನಿಕ್’ ಎಂದು ಏನಾದರೂ ಸುರಿಯುವ ಆಸೆ ಬರುತ್ತದೆ. ಬೇಡ.

ಜೀವ ಹೋಗಿದ್ದರೆ ಹಳೆಯ ದಿನಪತ್ರಿಕೆ ಹಾಸಿ ಗಿಡವನ್ನು ಕುಂಡದಿಂದ ಹೊರತೆಗೆಯಿರಿ. ಮೊದಲು ಮೂಸಿ ನೋಡಿ. ಚರಂಡಿಯ ವಾಸನೆ ಬಂದರೆ ಗಾಳಿಯಿಲ್ಲದೆ ಕೊಳೆತಿದೆ. ಒಂದು ಸಣ್ಣ ಬೇರನ್ನು ಎರಡು ಬೆರಳ ನಡುವೆ ಹಿಡಿದು ಎಳೆಯಿರಿ. ಕಪ್ಪು ಸಿಪ್ಪೆ ಕಳಚಿ ಬಂದು ಒಳಗಿನ ದಾರದಂಥ ನಾರು ಮಾತ್ರ ಉಳಿದರೆ ನೀರು ಹೆಚ್ಚಾಗಿ ಸತ್ತಿದೆ. ಬೇರು ಕಂದಾಗಿ ಚಟಕ್ಕನೆ ಮುರಿದರೆ ಒಣಗಿ ಸತ್ತಿದೆ. ಎಲೆಗಳೂ ಸಾಕ್ಷಿ ಹೇಳುತ್ತವೆ: ಹಳದಿಯಾಗಿ ಒಂದೊಂದೇ ಉದುರಿದ್ದರೆ ಸಾಮಾನ್ಯವಾಗಿ ಬೇರಿನ ಕೊಳೆತ, ಹಸಿರು ಬಣ್ಣದಲ್ಲೇ ಗರಿಗರಿಯಾಗಿ ಕೊಂಬೆಗೆ ಅಂಟಿಕೊಂಡೇ ಇದ್ದರೆ ಹಠಾತ್ ಒಣಗು. ಬೇರು ಕುಂಡದ ಆಕಾರಕ್ಕೇ ಗಟ್ಟಿ ಚೆಂಡಾಗಿದ್ದು ಅದರ ನಡುಭಾಗ ಒಣಗಿದ್ದರೆ ನೀರು ಒಳಕ್ಕೇ ಹೋಗುತ್ತಿರಲಿಲ್ಲ. ಚೆಂಡಿನ ನಡುವೆ ನರ್ಸರಿಯ ಜಿಗುಟು ಮಣ್ಣು, ಸುತ್ತ ಹೊಸ ಸಡಿಲ ಮಣ್ಣು ಇದ್ದರೆ ಒಂದೇ ಕುಂಡದಲ್ಲಿ ಎರಡು ಬಗೆಯ ತೇವವಿತ್ತು. ಮೇಲೆ ನೋಡಿ ನೀರು ಹಾಕಿದವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಬಿಳಿ ಬೇರಿನ ತುದಿಗಳು ಎಲ್ಲೂ ಕಾಣದಿದ್ದರೆ ಕುಂಡ ಬದಲಿಸಿದ ಮೇಲೆ ಗಿಡ ಹೊಸ ಬೇರನ್ನೇ ಬಿಟ್ಟಿರಲಿಲ್ಲ.

ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ತಂದ ತಿಂಗಳು, ಇಟ್ಟ ಜಾಗ, ಮಣ್ಣಿನ ಮಿಶ್ರಣ, ಕೊನೆಯ ಸಲ ಬೇರು ಮುಟ್ಟಿದ್ದು, ಊರಿಗೆ ಹೋಗಿದ್ದ ದಿನಗಳು, ಬೇರಿನ ಸ್ಥಿತಿ. ಮೊಬೈಲಿನಲ್ಲಿ ತಿಂಗಳಿಗೊಮ್ಮೆ ಒಂದೇ ಕೋನದಿಂದ ಫೋಟೊ ತೆಗೆದಿಟ್ಟಿದ್ದರೆ ಇನ್ನೂ ಸಲೀಸು. ಗಿಡ ಸೊರಗಲು ಶುರುವಾದದ್ದು ಯಾವಾಗ ಎಂಬುದು ಫೋಟೊದಲ್ಲಿ ಸಿಗುತ್ತದೆ, ನೆನಪಿನಲ್ಲಿ ಸಿಗುವುದಿಲ್ಲ.

ಬೋನ್ಸಾಯ್ ಮನೆಗೆ ಆಗಿಬರುವುದಿಲ್ಲ, ಅದಕ್ಕೇ ಸತ್ತಿತು ಎಂದು ಯಾರಾದರೂ ಹೇಳಿದರೆ ಆ ಬೇರನ್ನು ತೋರಿಸಿ.

ಕುಂಡವನ್ನು ಉಜ್ಜಿ ತೊಳೆದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಮತ್ತೆ ತೊಳೆದು ಬಿಸಿಲಿಗಿಡಿ. ಹಳೆಯ ಮಣ್ಣನ್ನು ಬೇರೆ ಕುಂಡಗಳಿಗೆ ಹಾಕಬೇಡಿ. ಮುಂದಿನ ಗಿಡ ಅದೇ ಜಾತಿಯದ್ದಾಗಿರಲಿ, ಬದಲಿಸುವುದು ಒಂದೇ ಸಂಗತಿಯಾಗಿರಲಿ. ಮಣ್ಣು, ಜಾಗ, ನೀರು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ. ಇನ್ನು ಬದುಕಿರುವ ಗಿಡಗಳನ್ನು ಕತ್ತರಿಸಿದಾಗಲೆಲ್ಲ ಪೆನ್ಸಿಲ್ ದಪ್ಪದ ಒಂದೆರಡು ತುಂಡುಗಳನ್ನು ನೆಟ್ಟಿಡಿ. ಫೈಕಸ್ ತುಂಡಿನಿಂದ ಸುರಿಯುವ ಹಾಲನ್ನು ತೊಳೆದು ಮಳೆಗಾಲದಲ್ಲಿ ನೇರ ನೆಡಬಹುದು. ಜೇಡ್ ತುಂಡನ್ನು ನಾಲ್ಕೈದು ದಿನ ನೆರಳಿನಲ್ಲಿ ಒಣಗಿಸಿ ನೆಡಿ, ಮೊದಲ ವಾರ ನೀರು ಬೇಡ.